ಗೋಡೆಯ ಪಟದಲ್ಲಿ ಕೆರೆಯ ಕೋಡಿ



ನಿಮ್ಮ ನಡುಮನೆಯ ಗೋಡೆಯನ್ನು ಒಮ್ಮೆ ತಲೆಯೆತ್ತಿ ನೋಡಿರಿ. ದೇವರ ಪಟಗಳ ಸಾಲು ಮುಗಿದ ಮೇಲೆ, ತೊಲೆಗೆ ಹತ್ತಿರದಲ್ಲಿ, ಹೊಗೆ ಹಿಡಿದ ಗಾಜಿನ ಹಿಂದೆ ಒಂದೆರಡು ಹಳೆಯ ಫೋಟೋಗಳು ತೂಗುತ್ತಿರಬಹುದು. ಒಂದರಲ್ಲಿ ನಿಮ್ಮ ತಾತ ಜೋಡಿ ಎತ್ತಿನ ಮೂಗುದಾರ ಹಿಡಿದು ನಿಂತಿರುತ್ತಾರೆ. ಇನ್ನೊಂದರಲ್ಲಿ ಊರಿನ ಹತ್ತು ಜನ ಕೆರೆಯ ಏರಿಯ ಮೇಲೆ ಸಾಲಾಗಿ ಕುಳಿತಿರುತ್ತಾರೆ. ಯಾರದೋ ಪೇಟ, ಯಾರದೋ ಮೀಸೆ, ಇಷ್ಟನ್ನು ನೋಡಿ ನಾವು ಸುಮ್ಮನಾಗುತ್ತೇವೆ. ಆದರೆ ಆ ಹತ್ತು ಜನರ ಬೆನ್ನ ಹಿಂದೆ ಏನಿದೆ ಎಂದು ನೋಡಿದವರು ಕಡಿಮೆ.

ಬಿತ್ತನೆ ಬೀಜ, ಗೊಬ್ಬರ, ಊಜಿ ನೊಣ ಇವುಗಳ ಮಾತು ಬಿಟ್ಟು ಕೃಷಿ ಇಲಾಖೆಯವನೊಬ್ಬ ಫೋಟೋ ವಿಷಯ ಏಕೆ ತೆಗೆದ ಎಂದು ನೀವು ಕೇಳಬಹುದು. ಕಾರಣ ಉಂಟು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕೂ ತಾಲ್ಲೂಕುಗಳಲ್ಲಿ ವರ್ಷಪೂರ್ತಿ ಹರಿಯುವ ಹೊಳೆ ಒಂದೂ ಇಲ್ಲ. ವರ್ಷಕ್ಕೆ ಸುಮಾರು 750 ಮಿಲಿಮೀಟರ್ ಮಳೆ, ಅದೂ ಬಂದರೆ ಬಂತು. ಇಂಥ ಒಣ ಸೀಮೆಯಲ್ಲಿ ನಮ್ಮ ಹಿರಿಯರು ಬಾಳಿದ್ದು ಕೆರೆ, ಗೋಮಾಳ ಮತ್ತು ದನ ಈ ಮೂರನ್ನು ನಂಬಿ. ಮೂರೂ ನಮ್ಮ ಕಣ್ಣೆದುರಿಗೇ ಬದಲಾಗಿವೆ. ಮೊದಲು ಹೇಗಿದ್ದವು, ಎಲ್ಲಿದ್ದವು ಎಂಬುದಕ್ಕೆ ಸಾಕ್ಷಿಯಾಗಿ ಹಲವು ಊರುಗಳಲ್ಲಿ ಈಗ ಉಳಿದಿರುವುದು ಎಂಬತ್ತು ದಾಟಿದ ನಾಲ್ಕಾರು ಮುದುಕರ ನೆನಪು ಮತ್ತು ಗೋಡೆಯ ಮೇಲಿನ ಆ ಪಟ. ಮುದುಕರು ಹೋದರೆ ಪಟ ಮೂಕವಾಗುತ್ತದೆ.

ನೀರಿಗೆ ದಾರಿ ಗೊತ್ತಿತ್ತು, ನಮಗೆ ಮರೆತಿತ್ತು

2018ರ ಜೂನ್ ತಿಂಗಳಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರು ಮೊದಲ ಬಾರಿಗೆ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂತು. ಅಲ್ಲಿಂದ ಕೆರೆಯಿಂದ ಕೆರೆಗೆ ಹರಿಸುವ ಕೆಲಸ ನಡೆಯಿತು. ಆ ನೀರಿನ ಗುಣದ ಬಗ್ಗೆ ನಿಮ್ಮಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ, ಅದು ಬೇರೆಯೇ ಚರ್ಚೆ. ಅನಂತರ 2021ರ ನವೆಂಬರ್ ಮಳೆ ನಿಮಗೆಲ್ಲ ನೆನಪಿದೆ. ಎಷ್ಟೋ ವರ್ಷಗಳಿಂದ ಜಾಲಿ ಗಿಡ ಬೆಳೆದು ನಿಂತಿದ್ದ ಕೆರೆಗಳು ತುಂಬಿ ಕೋಡಿ ಹರಿದವು. ಹೆಂಗಸರು ಬಾಗಿನ ಕೊಟ್ಟರು, ಹುಡುಗರು ಮೀನು ಹಿಡಿದರು. ಅದರ ಜೊತೆಗೆ ಇನ್ನೊಂದೂ ನಡೆಯಿತು. ಕೋಡಿಯಿಂದ ಹೊರಟ ನೀರು ತನ್ನ ಹಳೆಯ ದಾರಿಯನ್ನು ಹುಡುಕಿಕೊಂಡು ಹೋಯಿತು. ಆ ದಾರಿಯಲ್ಲಿ ಕೆಲವೆಡೆ ಟೊಮೆಟೊ ತೋಟ ಇತ್ತು, ಕೆಲವೆಡೆ ಬಡಾವಣೆ ಇತ್ತು, ಕೆಲವೆಡೆ ರಸ್ತೆ ಇತ್ತು.

ನೀರನ್ನು ದೂರಿ ಫಲವಿಲ್ಲ. ಕೋಡಿ ಹಳ್ಳ ಎಲ್ಲಿ ಹರಿಯುತ್ತಿತ್ತು, ಮೇಲಿನ ಕೆರೆಯಿಂದ ರಾಜಕಾಲುವೆ ಯಾರ ಹೊಲದ ಬದುವಿನಲ್ಲಿ ಬರುತ್ತಿತ್ತು ಎಂಬುದನ್ನು ನೀರುಗಂಟಿ ಬಲ್ಲವನಾಗಿದ್ದ. ಈಗ ನೀರುಗಂಟಿಯೂ ಇಲ್ಲ, ಅವನ ಮಗನಿಗೆ ಆ ಕೆಲಸವೂ ಬೇಡ. ಸರ್ವೆ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಹಳ್ಳ, ಬಂಡಿ ದಾರಿ, ಗೋಮಾಳ ಎಲ್ಲವನ್ನೂ ಗೆರೆ ಎಳೆದು ತೋರಿಸಿದ್ದಾರೆ ನಿಜ. ಆದರೆ ನಕ್ಷೆಯ ಗೆರೆಯನ್ನು ನೆಲದ ಮೇಲೆ ಗುರುತಿಸುವುದು ಎಲ್ಲರಿಗೂ ಸುಲಭವಲ್ಲ. ಫೋಟೋ ಉಪಯೋಗಕ್ಕೆ ಬರುವುದು ಇಲ್ಲಿಯೇ. ಫೋಟೋ ಒಂದರಿಂದಲೇ ಜಮೀನಿನ ಹಕ್ಕು ತೀರ್ಮಾನ ಆಗುವುದಿಲ್ಲ, ಅದನ್ನು ಹಿಡಿದುಕೊಂಡು ಪಕ್ಕದ ಹೊಲದವನ ಮೇಲೆ ಜಗಳಕ್ಕೆ ಹೋಗಬೇಡಿರಿ. ನಕ್ಷೆಯ ಜೊತೆಗೆ ಇಟ್ಟು ನೋಡಿದರೆ ಮಾತ್ರ ಅದು ಬಾಯಿ ಬಿಡುತ್ತದೆ.

ಹೇಗೆ ನೋಡಬೇಕು ಎಂದು ಹೇಳುತ್ತೇನೆ. ಏರಿಯ ಮೇಲೆ ತೆಗೆದ ಫೋಟೋ ಒಂದನ್ನು ಕೈಯಲ್ಲಿ ಹಿಡಿದು ಆ ಕೆರೆಗೆ ಹೋಗಿರಿ. ಫೋಟೋದಲ್ಲಿ ಕದಲದ ವಸ್ತು ಎರಡನ್ನು ಆರಿಸಿರಿ, ಒಂದು ಹತ್ತಿರದ್ದು, ಒಂದು ದೂರದ್ದು. ನಮ್ಮ ಸೀಮೆಯಲ್ಲಿ ಇದಕ್ಕೆ ಕೊರತೆಯಿಲ್ಲ. ಬೆಟ್ಟದ ನೆತ್ತಿಯ ಗುಂಡುಕಲ್ಲು, ಗುಡಿಯ ಗೋಪುರ, ತೂಬಿನ ಕಲ್ಲುಕಂಬ ಯಾವುದಾದರೂ ಆದೀತು. ಫೋಟೋದಲ್ಲಿ ತೂಬಿನ ಕಂಬದ ಎಡಕ್ಕೆ ಒಂದು ಬೆರಳಿನಷ್ಟು ದೂರದಲ್ಲಿ ಗುಂಡುಕಲ್ಲು ಕಂಡರೆ, ನೀವು ಏರಿಯ ಮೇಲೆ ಹಿಂದಕ್ಕೆ ಮುಂದಕ್ಕೆ ಸರಿಯುತ್ತ ಹೋಗಿ, ಎರಡೂ ಹಾಗೆಯೇ ಕಾಣುವ ಜಾಗದಲ್ಲಿ ನಿಲ್ಲಿರಿ. ಫೋಟೋ ತೆಗೆದವನು ನಿಂತದ್ದು ಅಲ್ಲಿಯೇ. ಇನ್ನು ನೀರಿನ ಅಂಚು ಎಲ್ಲಿತ್ತು, ಕೋಡಿ ಯಾವ ಮೂಲೆಯಲ್ಲಿತ್ತು, ಅಚ್ಚುಕಟ್ಟಿನ ಗದ್ದೆ ಎಲ್ಲಿಯ ತನಕ ಹಸಿರಾಗಿತ್ತು ಎಂಬುದನ್ನು ಬೆರಳಿಟ್ಟು ತೋರಿಸಬಹುದು. ಅದೇ ಜಾಗದಿಂದ ಈಗಿನ ಫೋಟೋ ಒಂದನ್ನು ಮೊಬೈಲಿನಲ್ಲಿ ತೆಗೆದು ಜೊತೆಗಿಡಿರಿ.

ಇದು ನನ್ನ ಸ್ವಂತ ಉಪಾಯವಲ್ಲ. ಅಮೆರಿಕದ ಅರಿಜೋನ ಮತ್ತು ಅದರ ಪಕ್ಕದ ಮೆಕ್ಸಿಕೋ ಮರುಭೂಮಿ ಸೀಮೆಯಲ್ಲಿ ದನ ಸಾಕುವವರ ಊರುಗಳುಂಟು. ಅಲ್ಲಿ ಹೇಸ್ಟಿಂಗ್ಸ್ ಮತ್ತು ಟರ್ನರ್ ಎಂಬ ಇಬ್ಬರು ವಿಜ್ಞಾನಿಗಳು ಹಳೆಯ ಫೋಟೋಗಳನ್ನು ಕೂಡಿಹಾಕಿ, ಅವುಗಳನ್ನು ತೆಗೆದ ಜಾಗಗಳನ್ನೇ ಹುಡುಕಿ, ಮತ್ತೆ ಫೋಟೋ ತೆಗೆದು 1965ರಲ್ಲಿ ಪುಸ್ತಕ ಮಾಡಿದರು. ಮೊದಲು ಹುಲ್ಲು ಬೆಳೆಯುತ್ತಿದ್ದ ಬಯಲಿನಲ್ಲಿ ಮೆಸ್ಕಿಟ್ ಎಂಬ ಮುಳ್ಳಿನ ಗಿಡ ಹಬ್ಬಿದ್ದನ್ನು ಆ ಜೋಡಿ ಫೋಟೋಗಳು ತೋರಿಸಿದವು. ಈ ಮೆಸ್ಕಿಟ್ ಬೇರೆ ಯಾವುದೂ ಅಲ್ಲ, ನಮ್ಮ ಕೆರೆಯಂಗಳವನ್ನು ನುಂಗಿರುವ ಬಳ್ಳಾರಿ ಜಾಲಿಯ ದಾಯಾದಿ! ನಮ್ಮ ಜಾಲಿಯ ಮೂಲವೂ ಅಮೆರಿಕ ಖಂಡವೇ. ಅವರ ದನಗಾರರ ಕಷ್ಟ ನಮಗೂ ಸ್ವಲ್ಪ ಅರ್ಥವಾಗುವಂಥದ್ದು.

ಎತ್ತಿನ ಫೋಟೋ, ಗೋಮಾಳದ ಲೆಕ್ಕ

ನಮ್ಮಲ್ಲಿ ಮನುಷ್ಯರಿಗಿಂತ ಎತ್ತುಗಳ ಫೋಟೋ ಹೆಚ್ಚು ಎಂದರೆ ನಗಬೇಡಿರಿ. ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ ಶಿವರಾತ್ರಿಗೆ ನಡೆಯುವ ಜಾತ್ರೆ ದನಗಳ ಪರಿಷೆಗೆ ಹೆಸರುವಾಸಿ. ಜಾತ್ರೆಗೆ ಎತ್ತು ಹೊಡೆದುಕೊಂಡು ಹೋದವರು ಕೊಂಬಿಗೆ ಬಣ್ಣ ಬಳಿದು, ಕೋಡಣಸು ತೊಡಿಸಿ, ಕೊರಳಿಗೆ ಗೆಜ್ಜೆ ಕಟ್ಟಿ, ಮೈಮೇಲೆ ಜೂಲು ಹೊದಿಸಿ ಫೋಟೋ ತೆಗೆಸುತ್ತಿದ್ದರು. ಮದುವೆಯಲ್ಲಿ ಮದುಮಗನಿಗೂ ಅಷ್ಟು ಅಲಂಕಾರ ನಡೆಯುತ್ತಿರಲಿಲ್ಲ. ಜಾತ್ರೆಗೆಂದೇ ಹಿಂದಿನ ದಿನ ಮೀಸೆ ತಿದ್ದಿಸಿಕೊಂಡು ಬಂದವರೂ ಉಂಟು.

ಆ ಫೋಟೋದ ಎತ್ತನ್ನು ಗಮನವಿಟ್ಟು ನೋಡಿರಿ. ಬುಡದಲ್ಲಿ ಒಂದಕ್ಕೊಂದು ಹತ್ತಿರವಾಗಿ ಹುಟ್ಟಿ, ನೇರವಾಗಿ ಹಿಂದಕ್ಕೆ ಹೋಗಿ, ತುದಿಯಲ್ಲಿ ಮುಂದಕ್ಕೆ ಬಾಗಿ ಚೂಪಾದ ಕೊಂಬು. ಉದ್ದ ಮುಖ, ಬಿಗಿಯಾದ ಮೈ, ಬೂದು ಬಣ್ಣ. ಅದೇ ಹಳ್ಳಿಕಾರ್. ಅಂಚೆ ಇಲಾಖೆ 2000ದಲ್ಲಿ ದೇಶೀ ತಳಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಹಳ್ಳಿಕಾರ್ ತಳಿಯದೂ ಇತ್ತು. ಈಗ ಮತ್ತೆ ಹಳ್ಳಿಕಾರ್ ಕಟ್ಟಬೇಕೆನ್ನುವ ಯುವಕರು ನನ್ನ ಬಳಿ ಬರುತ್ತಾರೆ. ಹೋರಿ ಆರಿಸುವ ಮೊದಲು ನಿಮ್ಮ ತಾತನ ಕೈಯಲ್ಲಿದ್ದ ಹೋರಿಯನ್ನು ಫೋಟೋದಲ್ಲಿ ನೋಡಿಕೊಳ್ಳಿರಿ ಎಂದು ಅವರಿಗೆ ಹೇಳುತ್ತೇನೆ. ಮಾರುವವನ ಮಾತಿಗಿಂತ ಅದು ನಂಬಿಕೆಯದ್ದು.

1970ರ ದಶಕ ಕಳೆಯುತ್ತಿದ್ದಂತೆ ಫೋಟೋಗಳಲ್ಲಿ ಎತ್ತಿನ ಬದಲು ಸೀಮೆ ಹಸು ಬರತೊಡಗುತ್ತದೆ, ಹಿಂದೆ ಹಾಲಿನ ಕ್ಯಾನು ಕಾಣುತ್ತದೆ. ಇದು ದುಃಖಪಡುವ ವಿಷಯವೇನಲ್ಲ. ನಮ್ಮ ಜಿಲ್ಲೆಯವರೇ ಆದ ಎಂ.ವಿ. ಕೃಷ್ಣಪ್ಪನವರು ಹೈನುಗಾರಿಕೆಗೆ ಪಟ್ಟ ಶ್ರಮದ ಫಲವನ್ನು ಮಳೆ ಕೈಕೊಟ್ಟ ವರ್ಷಗಳಲ್ಲಿ ಎಷ್ಟೋ ಮನೆಗಳು ಉಂಡಿವೆ. ಊರಿನ ಹಾಲು ಸೊಸೈಟಿ ಪ್ರಾರಂಭವಾದ ದಿನದ ಫೋಟೋ ಸೊಸೈಟಿಯ ಬೀರುವಿನಲ್ಲಿ ಇದ್ದರೆ, ಅದನ್ನೂ ಹೊರಗೆ ತೆಗೆಯಿರಿ.

ಎತ್ತಿನ ಹಿಂದೆ ಕಾಣುವ ಬಯಲಿನ ಮಾತು ಒಂದು ಉಳಿಯಿತು. ಮಾಲೂರು ಕಡೆಯ ಫೋಟೋಗಳಲ್ಲಿ ಇದನ್ನು ವಿಶೇಷವಾಗಿ ಹುಡುಕಿರಿ. ಬೇಲಿಯಿಲ್ಲ, ನೀಲಗಿರಿಯಿಲ್ಲ, ದೂರದ ತನಕ ಹುಲ್ಲು, ಅಲ್ಲಲ್ಲಿ ಹೊಂಗೆ, ಬೇವು. ಅದು ಗೋಮಾಳ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ನೀಲಗಿರಿ ಬಂತು, ರೈತರು ಅದರ ವಿರುದ್ಧ ಚಳವಳಿ ಮಾಡಿದ್ದೂ ಆಯಿತು. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಈಗ ನೀಲಗಿರಿ ಬುಡ ಕೀಳಿಸಿ ಮತ್ತೆ ಮೇವು ಬೆಳೆಸಬೇಕೆಂದಿರುವ ಊರಿನವರು, ಮೊದಲು ಆ ನೆಲದಲ್ಲಿ ಯಾವ ಮರ, ಯಾವ ಹುಲ್ಲು ತಾನಾಗಿ ಬೆಳೆಯುತ್ತಿತ್ತು ಎಂದು ಹಳೆಯ ಫೋಟೋ ನೋಡಿ, ದನ ಕಾಯುತ್ತಿದ್ದವರನ್ನು ಕೇಳಿ ತಿಳಿದುಕೊಂಡರೆ ಒಳ್ಳೆಯದು. ಶ್ರೀನಿವಾಸಪುರದ ಕಡೆಯಲ್ಲೂ ಅಷ್ಟೆ, ಇಂದಿನ ಮಾವಿನ ತೋಪುಗಳಲ್ಲಿ ಎಷ್ಟೋ ಭಾಗ ಹಿಂದೆ ರಾಗಿ, ಹುರುಳಿಯ ಖುಷ್ಕಿ ಹೊಲವಾಗಿತ್ತು.

ದನಕ್ಕೂ ನಮಗೂ ಇರುವ ನಂಟು ಫೋಟೋಕ್ಕಿಂತ ಬಹಳ ಹಳೆಯದು. ಊರ ಹೊರಗೆ, ಹುಣಸೆ ಮರದ ಕೆಳಗೆ, ಬಿಲ್ಲು ಹಿಡಿದ ವೀರನ ಕಲ್ಲು ಇದೆಯೇ? ಅವನ ಪಕ್ಕದಲ್ಲಿ ಹಸುಗಳ ಸಾಲು ಕೆತ್ತಿದ್ದರೆ, ಅದು ತುರು ಕಾಯ್ದು ಸತ್ತವನ ನೆನಪಿನ ಕಲ್ಲು. ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನ ಸಂಪುಟದಲ್ಲಿ ಇಂಥ ಕಲ್ಲುಗಳ ಬರಹಗಳಿವೆ. ಆವಣಿಯ 10ನೆಯ ಶತಮಾನದ ಶಾಸನವೊಂದು ಅಲ್ಲಿಯ ಗುರುವೊಬ್ಬರು ಐವತ್ತು ಗುಡಿಗಳ ಜೊತೆಗೆ ಎರಡು ದೊಡ್ಡ ಕೆರೆಗಳನ್ನು ಕಟ್ಟಿಸಿದರೆಂದು ಹೇಳುತ್ತದೆ. ಆ ಕಲ್ಲುಗಳ ಮೇಲೆ ಬಟ್ಟೆ ಒಗೆಯುವುದು, ಅವನ್ನು ಚರಂಡಿಗೆ ಚಪ್ಪಡಿಯಾಗಿ ಹಾಸುವುದು ಈಗಲೂ ಕೆಲವು ಕಡೆ ನಡೆದಿದೆ. ದಯವಿಟ್ಟು ನಿಲ್ಲಿಸಿರಿ.

ಅಟ್ಟದ ಮೇಲಿನ ಸಾಮಾನು

ಫೋಟೋ ಇಲ್ಲದ ಮನೆಯಲ್ಲಿ ಸಾಮಾನು ಇರುತ್ತದೆ. ಗುಜರಿಯವನು ಕಿಲೋ ಲೆಕ್ಕದಲ್ಲಿ ಕೊಂಡೊಯ್ಯುವ ಮೊದಲು ಅವುಗಳ ಮಾತನ್ನೂ ಸ್ವಲ್ಪ ಕೇಳಿರಿ.

ಕಪಿಲೆಯನ್ನೇ ತೆಗೆದುಕೊಳ್ಳಿರಿ. ತೊಗಲಿನ ಬಾನಿ ಇಲಿ ಕಡಿದು ಹೋಗಿರಬಹುದು, ಗಾಲಿ ಒಡೆದಿರಬಹುದು. ಆದರೆ ಬಾವಿಯ ಪಕ್ಕದಲ್ಲಿ ಎತ್ತುಗಳು ಹಿಂದು ಮುಂದು ನಡೆಯುತ್ತಿದ್ದ ಇಳಿಜಾರು ಹಲವು ಕಡೆ ಹಾಗೆಯೇ ಇದೆ. ಎತ್ತು ಎಷ್ಟು ದೂರ ನಡೆಯುತ್ತಿತ್ತೋ ಬಾನಿ ಅಷ್ಟೇ ಮೇಲಕ್ಕೆ ಬರುತ್ತಿತ್ತು. ಆದ್ದರಿಂದ ಆ ಇಳಿಜಾರಿನ ಉದ್ದವನ್ನು ಹೆಜ್ಜೆ ಹಾಕಿ ಅಳೆದರೆ, ನಿಮ್ಮ ತಾತನ ಕಾಲದಲ್ಲಿ ನೀರು ಎಷ್ಟು ಆಳದಲ್ಲಿ ಸಿಗುತ್ತಿತ್ತು ಎಂಬುದು ಹೆಚ್ಚು ಕಡಿಮೆ ಗೊತ್ತಾಗುತ್ತದೆ. ಏತ ಹೂಡಿದ್ದ ಬಾವಿಯಾದರೆ ನೀರು ಇನ್ನೂ ಮೇಲಿತ್ತು ಎಂದು ತಿಳಿಯಿರಿ. ಅದೇ ಸರ್ವೆ ನಂಬರಿನಲ್ಲಿ ಈಗ ಕೊಳವೆಬಾವಿ ಸಾವಿರ ಅಡಿ ದಾಟುತ್ತಿದೆ. ಈ ಎರಡು ಅಂಕಿಗಳನ್ನು ಒಂದೇ ಕಾಗದದಲ್ಲಿ ಬರೆದಿಟ್ಟುಕೊಂಡ ರೈತನಿಗೆ ಇಂಗುಗುಂಡಿಯ ವಿಷಯ ನಾನು ಎರಡನೆಯ ಸಲ ಹೇಳಬೇಕಾಗಿಲ್ಲ.

ಹನ್ನೆರಡು ತಾಳಿನ ಕೂರಿಗೆ ಇದ್ದರೆ ಇನ್ನೂ ಸಂತೋಷ. ತಾಳಿನಿಂದ ತಾಳಿಗೆ ಎಷ್ಟು ಬೆರಳು ಅಂತರ ಇದೆ ಎಂದು ಅಳೆದು ಬರೆದಿಡಿರಿ. ಕೂರಿಗೆಯ ಹಿಂದೆ ಕಟ್ಟುತ್ತಿದ್ದ ಸಡ್ಡೆ ಸಿಕ್ಕೀತೇ ನೋಡಿರಿ. ಬಿದಿರಿನ ಈ ಕೊಳವೆಯಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಬಿಟ್ಟುಕೊಂಡು ರಾಗಿಯ ನಡುವೆ ಅಕ್ಕಡಿ ಸಾಲು ಹಾಕುತ್ತಿದ್ದರು. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಿರಿ ಎಂದು ನಾವು ಈಗ ತರಬೇತಿ ಶಿಬಿರಗಳಲ್ಲಿ ಹೇಳುವುದು ಸಡ್ಡೆಯ ವಿದ್ಯೆಯನ್ನೇ, ಅಂಕಿ ಸೇರಿಸಿ ಹೇಳುತ್ತೇವೆ ಅಷ್ಟೆ. ಮುಳಬಾಗಿಲು ತಾಲ್ಲೂಕಿನ ಒಂದು ಊರಿನಲ್ಲಿ ನಾನು ಈ ಶಿಫಾರಸು ವಿವರಿಸುತ್ತಿದ್ದಾಗ ಹಿಂದೆ ಕುಳಿತಿದ್ದ ತಾತ ಒಬ್ಬರು, “ಸಾರ್, ಅದು ನಮ್ಮ ಅಟ್ಟದ ಮ್ಯಾಲೆ ಐತೆ, ಇಳಿಸ್ಕೊಂಡು ಬರ್ಲಾ?” ಎಂದರು. ಇಳಿಸಿಕೊಂಡೇ ಬಂದರು. ಆ ದಿನದ ತರಬೇತಿ ಅಲ್ಲಿಂದ ಮುಂದೆ ಅವರೇ ನಡೆಸಿದರು.

ಇನ್ನೊಂದು ಮಾತು. ಹಳೆಯ ಫೋಟೋಗಳಲ್ಲಿ ಗಂಡಸರು ಮತ್ತು ಎತ್ತುಗಳು ಮಾತ್ರ ಕಾಣುತ್ತಾರೆ. ಕಳೆ ಕಿತ್ತವರು, ಬೀಜ ಕಾದವರು, ಹಾಲು ಕರೆದವರು ಚೌಕಟ್ಟಿನ ಆಚೆಗೆ ಉಳಿದಿದ್ದಾರೆ. ಅವರ ಗುರುತು ಸಿಗುವುದು ಬೀಜ ತುಂಬಿಡುತ್ತಿದ್ದ ಸೋರೆ ಬುರುಡೆಯಲ್ಲಿ, ಸೇರು ಪಾವಿನಲ್ಲಿ, ಸವೆದ ಬೀಸುವ ಕಲ್ಲಿನಲ್ಲಿ. ಆ ಬುರುಡೆಯಲ್ಲಿ ಯಾವ ಅವರೆ ಇತ್ತು, ಅದಕ್ಕೆ ಬೂದಿ ಬೆರೆಸುತ್ತಿದ್ದರೋ ಬೇವಿನ ಸೊಪ್ಪೋ, ರಾಗಿ ಹಗೇವಿನಲ್ಲಿ ಎಷ್ಟು ವರ್ಷ ಕೆಡದೆ ಇರುತ್ತಿತ್ತು, ಇದನ್ನೆಲ್ಲ ನಿಮ್ಮ ಅಜ್ಜಿಯನ್ನು ಕೇಳಿರಿ. ಯಾವ ಫೋಟೋದಲ್ಲೂ ಇದು ಸಿಗುವುದಿಲ್ಲ.

ಹೆಸರಿಲ್ಲದ ಫೋಟೋ

1936ರ ಮಾರ್ಚ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಬಟಾಣಿ ಕೀಳುವ ಕೂಲಿಗೆ ಬಂದಿದ್ದ ತಾಯಿಯೊಬ್ಬಳ ಫೋಟೋವನ್ನು ಡೊರೊಥಿಯ ಲ್ಯಾಂಗ್ ಎಂಬಾಕೆ ತೆಗೆದರು. ಬರ ಮತ್ತು ಬಡತನದ ಆ ಕಾಲದ ಗುರುತಾಗಿ ಅದು ಲೋಕಪ್ರಸಿದ್ಧವಾಯಿತು. ಆದರೆ ಫೋಟೋ ತೆಗೆದಾಗ ಆಕೆಯ ಹೆಸರು ಬರೆದುಕೊಂಡಿರಲಿಲ್ಲ. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಜಗತ್ತಿಗೆ ತಿಳಿದದ್ದು 1978ರಲ್ಲಿ. ಅಷ್ಟು ಹೆಸರಾದ ಫೋಟೋಗೇ ನಲವತ್ತೆರಡು ವರ್ಷ ಬೇಕಾಯಿತು. ನಿಮ್ಮ ಗೋಡೆಯ ಮೇಲಿನ ಹತ್ತು ಜನರಲ್ಲಿ ಎಷ್ಟು ಜನರ ಹೆಸರನ್ನು ನಿಮ್ಮ ಮಗ ಹೇಳಬಲ್ಲ?

ಆದ್ದರಿಂದ ಮೊದಲ ಕೆಲಸ ಬರೆಯುವುದು. ಫೋಟೋವನ್ನು ಹಿರಿಯರ ಕೈಗೆ ಕೊಟ್ಟು, ಎಡದಿಂದ ಬಲಕ್ಕೆ ಯಾರು ಯಾರು, ಯಾವ ಜಾಗ, ಯಾವ ವರ್ಷ, ಹಿಂದೆ ಕಾಣುವುದು ಏನು ಎಂದು ಕೇಳಿರಿ. ವರ್ಷ ನೆನಪಾಗದಿದ್ದರೆ “ದೊಡ್ಡ ಮಗನ ಮದುವೆಗೆ ಮುಂಚೆ”, “ಕೆರೆ ಒಡೆದ ವರ್ಷ” ಎಂದು ಅವರು ಹೇಳಿದಂತೆಯೇ ಬರೆಯಿರಿ, ಇಸವಿ ಆಮೇಲೆ ಕೂಡಿಸಿಕೊಳ್ಳಬಹುದು. ಬರೆಯುವುದು ಫೋಟೋದ ಹಿಂಬದಿಯ ಅಂಚಿನಲ್ಲಿ, ಮೃದುವಾದ ಸೀಸದಕಡ್ಡಿಯಲ್ಲಿ, ಒತ್ತದೆ. ಬಾಲ್‌ಪೆನ್ ಬೇಡ, ಅದರ ಗೆರೆ ಮುಂದಕ್ಕೆ ಉಬ್ಬುತ್ತದೆ, ಮಸಿ ಹರಡುತ್ತದೆ.

ಗಾಜಿಗೆ ಅಂಟಿಕೊಂಡಿರುವ ಫೋಟೋವನ್ನು ಕಿತ್ತು ತೆಗೆಯಲು ಹೋಗಬೇಡಿರಿ, ಚಿತ್ರ ಗಾಜಿನ ಜೊತೆಯಲ್ಲೇ ಹೋಗುತ್ತದೆ. ಗಾಜಿನ ಸಮೇತವಾಗಿಯೇ, ಬಿಸಿಲು ನೇರವಾಗಿ ಬೀಳದ ಜಗಲಿಯ ಬೆಳಕಿನಲ್ಲಿ, ಫ್ಲಾಷ್ ಇಲ್ಲದೆ ಮೊಬೈಲಿನಲ್ಲಿ ಪ್ರತಿ ತೆಗೆಯಿರಿ. ಹರಿದ ಫೋಟೋಗೆ ಅಂಟುಪಟ್ಟಿ ಹಚ್ಚುವುದು, ಲ್ಯಾಮಿನೇಷನ್ ಮಾಡಿಸುವುದು ಎರಡೂ ತಪ್ಪು. ಪೂಜೆಯ ದಿನ ಹಿರಿಯರ ಫೋಟೋಗೆ ಕುಂಕುಮ ಇಡುವ ಪದ್ಧತಿ ಇರುವವರು ಗಾಜಿನ ಮೇಲೆ ಮಾತ್ರ ಇಡಿರಿ, ನೀರು ಒಳಗೆ ಇಳಿಯದಂತೆ ನೋಡಿಕೊಳ್ಳಿರಿ. ಒಲೆಯ ಹೊಗೆ ತಾಗುವ ಗೋಡೆ, ಮಳೆಗಾಲದಲ್ಲಿ ಒಸರುವ ಗೋಡೆ ಫೋಟೋಗೆ ತಕ್ಕ ಜಾಗವಲ್ಲ. ಬಿಡಿ ಫೋಟೋಗಳನ್ನು ಕಾಗದದ ಲಕೋಟೆಯಲ್ಲಿ ಹಾಕಿ, ಒಣಗಿದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಕಬ್ಬಿಣದ ಪೆಟ್ಟಿಗೆಯಲ್ಲಿ ಇಡಿರಿ. ಪೆಟ್ಟಿಗೆ ನೆಲಕ್ಕೆ ತಾಗದಂತೆ ಎರಡು ಇಟ್ಟಿಗೆಯ ಮೇಲಿರಲಿ, ಗೆದ್ದಲಿನ ಭಯ ತಪ್ಪುತ್ತದೆ. ಪ್ಲಾಸ್ಟಿಕ್ ಚೀಲ ತೇವ ಹಿಡಿದಿಡುತ್ತದೆ, ಬೇಡ.

ಕಪ್ಪು ಬಿಳುಪು ಫೋಟೋ ಚೆನ್ನಾಗಿ ತೊಳೆದು ಮಾಡಿದ್ದಾದರೆ ಬಹುಕಾಲ ನಿಲ್ಲುತ್ತದೆ. ನಿಜವಾಗಿ ಅವಸರವಿರುವುದು 1980ರ ದಶಕದ ಬಣ್ಣದ ಫೋಟೋಗಳಿಗೆ. ಅವು ಈಗಾಗಲೇ ಕೆಂಪಗೆ ತಿರುಗುತ್ತಿವೆ. ಮೊದಲು ಅವುಗಳ ಪ್ರತಿ ತೆಗೆಯಿರಿ. ಮರದ ಸಾಮಾನಿಗೆ ಎನಾಮಲ್ ಬಣ್ಣ ಬಳಿದು ಅಂದ ಮಾಡಬೇಡಿರಿ, ಧೂಳು ಒರೆಸಿ ನೆರಳಲ್ಲಿಡಿ, ಹಿಟ್ಟು ಉದುರುತ್ತಿದ್ದರೆ ಒಳಗೆ ಹುಳ ಇದೆ ಎಂದು ತಿಳಿದು ಬೇರೆ ಸಾಮಾನಿನಿಂದ ದೂರವಿಡಿ.

ಈ ಕೆಲಸಕ್ಕೆ ಸುಗ್ಗಿ ಮುಗಿದ ಬೇಸಿಗೆಯೇ ಸರಿಯಾದ ಕಾಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, ಹಲವು ಕಡೆ ಕಂಪ್ಯೂಟರ್ ಕೂಡ ಇದೆ. ಒಂದು ಸಂಜೆ ಮನೆಗೊಂದು ಫೋಟೋ ತರುವಂತೆ ಊರಿನಲ್ಲಿ ಹೇಳಿಸಿ, ಶಾಲೆಯ ಮಕ್ಕಳ ಕೈಯಲ್ಲಿ ಪ್ರತಿ ತೆಗೆಸಿ, ಹಿರಿಯರು ಹೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಸಿರಿ. ಮೂಲ ಫೋಟೋ ಅದೇ ದಿನ ಅವರವರ ಮನೆಗೆ ವಾಪಸು ಹೋಗಬೇಕು, ಇಲ್ಲವಾದರೆ ಮುಂದಿನ ಸಲ ಯಾರೂ ತರುವುದಿಲ್ಲ. ಗ್ರಾಮ ನಕ್ಷೆಯ ಒಂದು ಪ್ರತಿಯನ್ನು ಗೋಡೆಗೆ ಹಚ್ಚಿ, ಯಾವ ಫೋಟೋ ಎಲ್ಲಿಯದು ಎಂದು ಅದರ ಮೇಲೆ ನಂಬರು ಹಾಕಿರಿ.

ಮತ್ತೆ, ನಿಮ್ಮ ತಾಲ್ಲೂಕು ಕೇಂದ್ರದಲ್ಲಿ ಹಳೆಯ ಫೋಟೋ ಸ್ಟುಡಿಯೋ ಇದ್ದರೆ ಈ ವಾರದ ಸಂತೆಗೆ ಹೋದಾಗ ಒಳಗೆ ಹೋಗಿ ಮಾತನಾಡಿಸಿರಿ. ಮೊಬೈಲ್ ಬಂದ ಮೇಲೆ ಒಂದೊಂದಾಗಿ ಅವು ಬಾಗಿಲು ಹಾಕುತ್ತಿವೆ. ನಿಮ್ಮ ಊರಿನ ಜಾತ್ರೆ, ಕೆರೆ, ದನಗಳ ಪ್ರದರ್ಶನದ ನೆಗೆಟಿವ್‌ಗಳು ಹಿಂದಿನ ಕೋಣೆಯ ಡಬ್ಬಗಳಲ್ಲಿ ಇರಬಹುದು. ಗಾಜಿನ ನೆಗೆಟಿವ್ ಆದರೆ ಒಂದರ ಮೇಲೊಂದು ಪೇರಿಸದೆ, ನಡುವೆ ಕಾಗದ ಇಟ್ಟು, ತಟ್ಟೆಗಳನ್ನು ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ ತನ್ನಿರಿ. ಬಸ್ಸಿನಲ್ಲಿ ತರುವುದಾದರೆ ಹಿಂದಿನ ಸೀಟು ಬೇಡ.